ನಿಂಬೆ ತೋಟದ ಬಂದೂಕು

ಮೆಕ್ಸಿಕೋದ ಮಿಚೋವಕಾನ್ ರಾಜ್ಯದಲ್ಲಿ ನಿಂಬೆಹಣ್ಣನ್ನು ಯಾವ ದಿನ ಕೀಳಬೇಕು ಎಂಬುದನ್ನೂ ಒಂದು ಕಾಲಕ್ಕೆ ಟೆಂಪ್ಲಾರಿಯೋಸ್ ಎಂಬ ಡ್ರಗ್ಸ್ ಗ್ಯಾಂಗೇ ತೀರ್ಮಾನಿಸುತ್ತಿತ್ತು. ಕಿಲೋ ಲೆಕ್ಕದಲ್ಲಿ ಹಫ್ತಾ ಬೇರೆ. ಪೊಲೀಸರಿಗೆ ದೂರು ಕೊಡೋಣವೆಂದರೆ ಅವರಲ್ಲೇ ಹಲವರು ಗ್ಯಾಂಗಿನ ಸಂಬಳದಲ್ಲಿದ್ದರು. 2013ರ ಫೆಬ್ರವರಿ 24ರಂದು ಲಾ ರುವಾನಾದ ನಿಂಬೆ ಬೆಳೆಗಾರ ಹಿಪೊಲಿತೊ ಮೋರಾ ಊರವರನ್ನು ಸೇರಿಸಿ ಬಂದೂಕು ಹಿಡಿದರು. ಅದೇ ದಿನ ತೆಪಲ್ಕತೆಪೆಕ್ ಊರೂ ಎದ್ದಿತು. ಅಲ್ಲಿ ಮುಂದೆ ನಿಂತವರು ಹೋಸೆ ಮನ್ವೆಲ್ ಮಿರೆಲೆಸ್ ಎಂಬ ಡಾಕ್ಟರು. ಒಂದು ವರ್ಷದಲ್ಲಿ ಸಾಲುಸಾಲು ಊರುಗಳು ಗ್ಯಾಂಗಿನ ಕೈತಪ್ಪಿದವು.

ಬೆಂಗಳೂರಿನಲ್ಲಿ ಕೂತು ಇವರನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ತಕರಾರು ಸರ್ಕಾರದ ಮೇಲೆ. 2014ರ ಮೇ ತಿಂಗಳಲ್ಲಿ ಅದು ಊರವರ ಈ ಸ್ವರಕ್ಷಣಾ ಪಡೆಗಳಿಗೆ ಸಮವಸ್ತ್ರ ಕೊಟ್ಟು 'ಗ್ರಾಮೀಣ ಪಡೆ' ಎಂದು ಹೆಸರಿಟ್ಟಿತು. ಸಮವಸ್ತ್ರ ತೊಟ್ಟವರಲ್ಲಿ ನಿನ್ನೆಮೊನ್ನೆಯವರೆಗೆ ಟೆಂಪ್ಲಾರಿಯೋಸ್ ಜತೆಗಿದ್ದವರೂ ಇದ್ದರು. ಜನ ಅವರನ್ನು 'ಕ್ಷಮೆ ಸಿಕ್ಕವರು' ಎಂದು ಕರೆದರು. ಇದಕ್ಕೆ ಒಪ್ಪದ ಮಿರೆಲೆಸ್ ಜೂನ್‌ನಲ್ಲಿ ಅಕ್ರಮ ಆಯುಧದ ಆರೋಪದಡಿ ಜೈಲು ಸೇರಿದರು. ಡಿಸೆಂಬರ್‌ನಲ್ಲಿ ಲಾ ರುವಾನಾದಲ್ಲಿ ಎರಡು ಸ್ವರಕ್ಷಣಾ ಗುಂಪುಗಳೇ ಗುಂಡು ಹಾರಿಸಿಕೊಂಡವು. ಸತ್ತವರಲ್ಲಿ ಮೋರಾ ಅವರ ಮಗನೂ ಒಬ್ಬ. 2023ರ ಜೂನ್‌ನಲ್ಲಿ ಮೋರಾರನ್ನೂ ಮೂವರು ಅಂಗರಕ್ಷಕರನ್ನೂ ಕೊಂದರು. ಅವರಿದ್ದ ಗುಂಡುನಿರೋಧಕ ವಾಹನಕ್ಕೆ ಬೆಂಕಿ ಇಟ್ಟರು.

ಅದೇ ರಾಜ್ಯದ ಚೆರಾನ್ ಪಟ್ಟಣದ ಕತೆ ಬೇರೆ ದಾರಿ ಹಿಡಿಯಿತು. ಅಲ್ಲಿಯವರು ಪುರೆಪೆಚಾ ಮೂಲನಿವಾಸಿಗಳು. ಗ್ಯಾಂಗಿನ ಬೆಂಬಲದಿಂದ ಕಾಡು ಕಡಿದು ಸಾಗಿಸುತ್ತಿದ್ದವರ ಲಾರಿಗಳನ್ನು 2011ರ ಏಪ್ರಿಲ್ 15ರ ನಸುಕಿನಲ್ಲಿ ತಡೆದವರು ಹೆಂಗಸರು. ಚರ್ಚಿನ ಗಂಟೆ ಬಾರಿಸಿ ಊರನ್ನೆಬ್ಬಿಸಿದರು. ಮೇಯರ್, ಪೊಲೀಸ್, ರಾಜಕೀಯ ಪಕ್ಷ ಎಲ್ಲವನ್ನೂ ಊರಾಚೆಗೆ ಅಟ್ಟಿದರು. ಆಮೇಲೆ ತಿಂಗಳುಗಟ್ಟಲೆ ಬೀದಿ ಮೂಲೆಮೂಲೆಯಲ್ಲಿ ರಾತ್ರಿಯಿಡೀ ಬೆಂಕಿ ಉರಿಯಿತು. ಅದರ ಸುತ್ತ ಅಡುಗೆ, ಕಾವಲು, ಜಗಳ, ತೀರ್ಮಾನ ಎಲ್ಲವೂ. ಹಾಗೆ ಕೂತ ನೆರೆಹೊರೆಯವರೇ ತಮ್ಮ ಪ್ರತಿನಿಧಿಗಳನ್ನು ಆರಿಸಿ 12 ಮಂದಿಯ ಹಿರಿಯರ ಸಭೆ ಕಟ್ಟಿದರು. ಕಾವಲು ಪಡೆ ಲೆಕ್ಕ ಒಪ್ಪಿಸಬೇಕಾದ್ದು ಈ ಊರ ಆಡಳಿತಕ್ಕೆ. ಪಕ್ಷವಿಲ್ಲದೆ ತಮ್ಮ ಪದ್ಧತಿಯಂತೆ ಪ್ರತಿನಿಧಿಗಳನ್ನು ಆರಿಸುವ ಹಕ್ಕನ್ನು ಚುನಾವಣಾ ನ್ಯಾಯಮಂಡಳಿಯೂ ಅದೇ ವರ್ಷ ಎತ್ತಿಹಿಡಿಯಿತು.

ನಿಂಬೆ ಸೀಮೆಯಲ್ಲಿ ಇದನ್ನೇ ಮಾಡಬಹುದಿತ್ತೇ? ಕಷ್ಟವಿತ್ತು. ಚೆರಾನ್‌ಗೆ ಎಲ್ಲರೂ ನಮ್ಮದೆನ್ನುವ ಕಾಡಿತ್ತು, ಹಿಂದಿನಿಂದ ಬಂದ ಊರೊಟ್ಟಿನ ರೂಢಿಯಿತ್ತು. ನಿಂಬೆ ತೋಟಗಳಿಗೆ ಒಬ್ಬೊಬ್ಬ ಮಾಲೀಕ. ಆದರೂ ಸಮವಸ್ತ್ರ ಹಂಚುವ ಮೊದಲು ಯಾರಿಗೆ ಕೊಡಬೇಕೆಂದು ಊರಸಭೆ ಕರೆದು ಕೇಳುವುದಕ್ಕೆ ಸರ್ಕಾರಕ್ಕೆ ಯಾರ ಅಡ್ಡಿಯೂ ಇರಲಿಲ್ಲ.