'ಗಿವ್ ಅಪ್' ಎಂದರೆ ಏನು?

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಗಡಿನಾಡ ಕನ್ನಡದ ಸ್ಥಿತಿಗತಿಯನ್ನು ಕುರಿತು ಬರೆಯುವೆನೆಂದು ಅವರು ಎಣಿಸಿರಬೇಕು. ನಾನಾದರೋ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವನು. ಆದ್ದರಿಂದ ಇಂಗ್ಲಿಷಿನ ಒಂದು ಕ್ರಿಯಾಪದವನ್ನೇ ಎತ್ತಿಕೊಂಡಿದ್ದೇನೆ.

'ಗಿವ್' ಎಂದರೆ ಕೊಡು, 'ಅಪ್' ಎಂದರೆ ಮೇಲೆ. ಇಷ್ಟು ಬಲ್ಲ ವಿದ್ಯಾರ್ಥಿ 'ಹೀ ಗೇವ್ ಅಪ್ ಟೀ' ಎಂಬುದಕ್ಕೆ 'ಅವನು ಚಹಾವನ್ನು ಮೇಲಕ್ಕೆ ಕೊಟ್ಟನು' ಎಂದು ಬರೆದರೆ ಹಳಿಯುವಂತಿಲ್ಲ. ಹೀಗೆ ಚಿಕ್ಕ ಪದವೊಂದು ಸೇರಿ ಅರ್ಥವೇ ಬೇರೆಯಾಗುವ ಜೋಡಿಗಳಿಗೆ 'ಫ್ರೇಸಲ್ ವರ್ಬ್' ಎಂಬ ಹೆಸರು. ಲೋಗನ್ ಪಿಯರ್‌ಸಾಲ್ ಸ್ಮಿತ್ 1925ರ ತಮ್ಮ ಗ್ರಂಥದಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಇದು ಇಂಗ್ಲಿಷಿಗೆ ಮಾತ್ರ ಇರುವ ವಿಚಿತ್ರವೆಂದು ಭಾವಿಸಿ ಪಟ್ಟಿ ಬರೆಸಿ ಬಾಯಿಪಾಠ ಮಾಡಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ನಮ್ಮ 'ಕೈ'ಗೆ 'ಕೊಡು' ಸೇರಿದರೆ ಮೋಸ, 'ಗೂಡು' ಸೇರಿದರೆ ಸಿದ್ಧಿ, 'ಚೆಲ್ಲು' ಸೇರಿದರೆ ಹತಾಶೆ! ಈ ವಿದ್ಯೆಯನ್ನು ಮಗು ಮನೆಯಿಂದಲೇ ತಂದಿರುತ್ತದೆ.

'ಗಿವ್ ಅಪ್'ಗೆ ಕನ್ನಡದಲ್ಲಿ ಒಂದೇ ಮಾತಿಲ್ಲ. ಬೀಡಿ ಸೇದುವುದನ್ನು ಬಿಟ್ಟುಬಿಡುತ್ತೇವೆ. ಬಸ್ಸಿನಲ್ಲಿ ವೃದ್ಧರಿಗೆ ಜಾಗ ಬಿಟ್ಟುಕೊಡುತ್ತೇವೆ. ಮಳೆ ಬಾರದೆ ಕಡಲೆಕಾಯಿ ಒಣಗಿದಾಗ ರೈತ ಕೈಚೆಲ್ಲುತ್ತಾನೆ. ಕೊನೆಗೊಂದು 'ಆನ್' ಸೇರಿಸಿದರಂತೂ ಅದು ನಂಬಿಕೆ ಕಳೆದುಕೊಂಡು ಕೈಬಿಡುವುದು. ವಾಕ್ಯರಚನೆಗೂ ಕನ್ನಡವೇ ನೆರವು. 'ಗಿವ್ ಅಪ್'ನ ಮುಂದೆ 'ಟು ಗೋ' ಬರಕೂಡದು, 'ಗೋಯಿಂಗ್' ಬರಬೇಕು. ಇದನ್ನು ಸೂತ್ರವಾಗಿ ಹೇಳಿದರೆ ಮಕ್ಕಳು ಮರೆಯುತ್ತಾರೆ. 'ಹೋಗಲು ಬಿಟ್ಟನು' ಬೇರೆ, 'ಹೋಗುವುದನ್ನು ಬಿಟ್ಟನು' ಬೇರೆ ಎಂದು ತೋರಿಸಿದರೆ ಮರೆಯರು. 'ಗಿವ್ ಇಟ್ ಅಪ್' ಎಂದು ಸರ್ವನಾಮವನ್ನು ನಡುವೆ ಇಡುವುದಕ್ಕೆ ಮಾತ್ರ ಕನ್ನಡ ನೆರವಾಗದು. ಅದಕ್ಕೆ ಅಭ್ಯಾಸವೇ ಗತಿ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವು. ಇಂಗ್ಲಿಷಿನಲ್ಲಿ ಬರೆಯುವವನು 'ಗೇವ್ ಅಪ್' ಎಂದು ಬರೆದು ಮುಂದೆ ಸಾಗಬಹುದು. ಕನ್ನಡಿಗ ನಿಂತು ಯೋಚಿಸಬೇಕು: ಬಿಟ್ಟುಕೊಟ್ಟದ್ದೋ, ಕೈಬಿಟ್ಟದ್ದೋ? 2022ರ ಏಪ್ರಿಲ್‌ನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರದಲ್ಲಿಯೇ ಉಳಿದಿದೆ. ಜಿಲ್ಲೆ ಬದಲಾದರೂ ಮನೆಮಾತು ಬದಲಾಗಿಲ್ಲ.

2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ತನ್ನ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯಗೊಳಿಸಲು ಆದೇಶ ಹೊರಡಿಸಿತು. 2020ರ ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರೆಯಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಶಾಲೆಯನ್ನು ಬರಿದು ಮಾಡಲು ಆದೇಶವೇ ಬೇಕಿಲ್ಲ, ಪೋಷಕರ ಭಯವೊಂದು ಸಾಕು. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇಂಗ್ಲಿಷ್ ಬಾರದವನಿಗೆ ಕೆಲಸ ಸಿಗುವುದು ಕಷ್ಟ.

"ಕನ್ನಡ ಬಿಟ್ಟುಕೊಟ್ಟರೆ ತಾನೇ ಇಂಗ್ಲಿಷ್ ಬರುವುದು, ಮೇಷ್ಟ್ರೇ?" ಎಂದು ಮಗಳ ವರ್ಗಾವಣೆ ಪತ್ರ ಕೇಳಲು ಬಂದ ತಂದೆಯೊಬ್ಬರು ಒಮ್ಮೆ ನನ್ನನ್ನು ಕೇಳಿದರು. "ಯಾರಿಗೆ ಬಿಟ್ಟುಕೊಡುತ್ತೀರಿ ಯಜಮಾನರೇ, ತೆಗೆದುಕೊಳ್ಳುವವರೊಬ್ಬರು ಇರಬೇಕಲ್ಲ?" ಎಂದೆ. ಅವರು ನಕ್ಕರು. ಪತ್ರವನ್ನಂತೂ ಅಂದು ಕೇಳಲಿಲ್ಲ.