ಆನೆ ಬಂತು, ಅಕ್ಕಾದೇವಿ ಬರಲಿಲ್ಲ

ಐವತ್ತು ದಾಟಿದ ಶಾಲೆಯ ಅಕ್ಕೋರಿಗೆ ಕಂಪ್ಯೂಟರ್ ಆಟದ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಹುಕ್ಕೇರಿ, ಮೂಡಲಗಿ, ಗೋಕಾಕ ಎಂದು ವರ್ಗವಾದ ಕಡೆಗೆಲ್ಲ ಗಂಟುಮೂಟೆ ಹೊತ್ತುಕೊಂಡು ಹೋಗಿ ಮಕ್ಕಳಿಗೆ ಇತಿಹಾಸ ಹೇಳಿದವಳು ನಾನು. ಒಂದು ಪೀರಿಯಡ್ಡಿನಲ್ಲಿ ನಾನು ಹೇಳುವ ಇತಿಹಾಸಕ್ಕಿಂತ ಹೆಚ್ಚಿನದನ್ನು ಕೆಲವು ಮಕ್ಕಳು ಸಂಜೆ ಪರದೆಯ ಮುಂದೆ ಕುಳಿತು ಕಲಿತು ಬರುತ್ತಾರೆ. ಪಠ್ಯಪುಸ್ತಕದಲ್ಲಿ ತಪ್ಪಿದ್ದರೆ ಗದ್ದಲ ಮಾಡುವ ನಾವು, ಈ ಇನ್ನೊಂದು ಪಠ್ಯಪುಸ್ತಕವನ್ನು ತೆರೆದೂ ನೋಡದೆ ‘ಹಾಳು ಆಟ, ಕಣ್ಣು ಹೋಗುತ್ತವೆ’ ಎಂದು ಬೈದು ಒಲೆಯ ಕಡೆ ತಿರುಗಿದರೆ ಹೇಗೆ?

ನಾನು ಹೇಳುತ್ತಿರುವುದು ‘ಏಜ್ ಆಫ್ ಎಂಪೈರ್ಸ್’ ಎಂಬ ಆಟದ ವಿಷಯ. ಅದರ ಎರಡನೆಯ ಆವೃತ್ತಿ ‘ಏಜ್ ಆಫ್ ಕಿಂಗ್ಸ್’ 1999ರಲ್ಲಿ ಬಂತು. ನನ್ನ ಮಗ ಅದನ್ನು ಆಡಿ ಬೆಳೆದ. ಅದೇ ಆಟಕ್ಕೆ 2022ರ ಏಪ್ರಿಲ್‌ನಲ್ಲಿ ‘ಡೈನಾಸ್ಟೀಸ್ ಆಫ್ ಇಂಡಿಯಾ’, ಅಂದರೆ ಭಾರತದ ರಾಜವಂಶಗಳು, ಎಂಬ ಹೊಸ ಭಾಗ ಸೇರಿತು. ಅದನ್ನು ಈಗ ನನ್ನ ತಂಗಿಯ ಮಗಳು ಆಡುತ್ತಾಳೆ. ಎರಡನ್ನೂ ಪಕ್ಕದಲ್ಲಿ ಕುಳಿತು ನೋಡಿದ್ದೇನೆ, ಒಂದಿಷ್ಟು ಆಡಿಯೂ ಇದ್ದೇನೆ. ಹೊಸದು ಹಳೆಯದರ ಸಮಕ್ಕೆ ಬಂದಿದೆಯೇ ಎಂಬುದು ಪ್ರಶ್ನೆ. ಆಟವಾಗಿ ಬಂದಿದೆ, ನಮ್ಮ ಕಥೆಯಾಗಿ ಬಂದಿಲ್ಲ ಎಂಬುದು ನನ್ನ ಉತ್ತರ.

ಆಟ ಎಂಥದೆಂದು ತಿಳಿಯದ ಗೆಳತಿಯರಿಗೆ ಎರಡು ಮಾತು. ಹೆಸರು ಸಾಮ್ರಾಜ್ಯದ್ದಾದರೂ ಮೊದಲ ಅರ್ಧ ಬರೀ ಸಂಸಾರ. ಆಹಾರ, ಕಟ್ಟಿಗೆ, ಬಂಗಾರ, ಕಲ್ಲು, ಈ ನಾಲ್ಕನ್ನು ಕೂಡಿಸಬೇಕು. ಒಬ್ಬ ಆಳನ್ನು ಪಡೆಯಲು 50 ಪಾಲು ಆಹಾರ ಖರ್ಚು. ಮನೆ ಕಟ್ಟದೆ ಜನ ಹೆಚ್ಚುವಂತಿಲ್ಲ. ಕಾಳು ತೀರುವ ಮೊದಲೇ ಬಿತ್ತನೆಯ ಚಿಂತೆ ಮಾಡಬೇಕು. ತಿಂಗಳ ಕೊನೆಯ ವಾರ ದಾಟಿಸುವುದನ್ನು ಬಲ್ಲ ಯಾವ ಹೆಂಗಸಿಗೂ ಇದನ್ನು ಯಾರೂ ಕಲಿಸಬೇಕಾಗಿಲ್ಲ.

1997ರ ಮೊಟ್ಟಮೊದಲ ಆವೃತ್ತಿಯಲ್ಲಿ ಕೆಲಸ ಮಾಡುವ ಆಳುಗಳೆಲ್ಲ ಗಂಡಸರೇ. 1999ರಲ್ಲಿ ಹೆಣ್ಣಾಳು ಬಂದಳು. ಅವಳು ಕಾಯಿ ಬಿಡಿಸಿದಳು, ಮರ ಕಡಿದಳು, ಗಣಿ ಅಗೆದಳು, ಕೋಟೆಯನ್ನೂ ಕಟ್ಟಿದಳು. ಗಂಡಾಳಿಗೂ ಅವಳಿಗೂ ಬಲದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಕಳೆ ತೆಗೆಯುವ ಹೆಣ್ಣಾಳಿಗೆ ಕಡಿಮೆ ಕೂಲಿ ಕೊಡುವ ಊರುಗಳಲ್ಲಿ ಬಾಳಿದ ನನಗೆ ಇದು ಸಣ್ಣ ಸಂಗತಿಯಾಗಿ ಕಾಣಲಿಲ್ಲ. ಅದೇ ಆವೃತ್ತಿಯ ಕಥಾಯುದ್ಧಗಳಲ್ಲಿ ಒಂದಕ್ಕೆ ಫ್ರಾನ್ಸಿನ ಜೋನ್ ಆಫ್ ಆರ್ಕ್ ನಾಯಕಿ. 2000ದಲ್ಲಿ ಬಂದ ‘ಕಾಂಕರರ್ಸ್’ ಎಂಬ ಸೇರ್ಪಡೆ ಬಿತ್ತನೆಯನ್ನು ಮುಂಚೆಯೇ ಸಾಲು ಹಚ್ಚಿಡುವ ಅನುಕೂಲ ಮಾಡಿಕೊಟ್ಟು ಎಲ್ಲರ ಆಟವನ್ನೂ ಹಸನಾಗಿಸಿತು. ಸೇರ್ಪಡೆ ಎಂದರೆ ಹಾಗಿರಬೇಕು. ಹಳೆಯ ಸೀರೆಗೆ ಹೊಸ ಸೆರಗು ಹಚ್ಚಿದರೆ ಸೀರೆ ಇನ್ನಷ್ಟು ದಿನ ಬಾಳಬೇಕು.

ಹೊಸ ಭಾಗಕ್ಕೂ ನ್ಯಾಯ ಹೇಳಬೇಕು. ಅದರಲ್ಲಿ ಗುರ್ಜರ ಪಡೆಯವರು ಕುರಿಗಳನ್ನು ಕೊಯ್ಯದೆ ಗಿರಣಿಯೊಳಗೆ ಕೂಡಿ ಸಾಕಿದರೆ ಸ್ವಲ್ಪ ಸ್ವಲ್ಪವಾಗಿ ಆಹಾರ ಬರುತ್ತಲೇ ಇರುತ್ತದೆ. ಕುರಿ ಕಾಯುವವರ ನಾಡಿನವಳಾದ ನಾನು ಇದನ್ನು ನೋಡಿ ಮೆಚ್ಚಿದೆ. ನಮ್ಮ ದಕ್ಷಿಣದ ಪಡೆಗೆ ಯುರೋಪಿನ ‘ನೈಟ್’ ಸವಾರರಿಲ್ಲ. ಕಾಲಾಳು, ಹಡಗು, ಆನೆಗಳ ಮೇಲೆಯೇ ಯುದ್ಧ ನಡೆಸಬೇಕು. ಹಳೆಯ ಉಪಾಯಗಳು ನಡೆಯುವುದಿಲ್ಲ, ಹೊಸದಾಗಿ ತಲೆ ಓಡಿಸಬೇಕು. ಇಷ್ಟಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಆದರೆ ಆ ದಕ್ಷಿಣದ ಪಡೆಯ ಹೆಸರೇನು? ‘ದ್ರವಿಡಿಯನ್ಸ್’. ಇದು ಯಾವ ರಾಜವಂಶ, ತಾಯಿ? 1856ರಲ್ಲಿ ಕಾಲ್ಡ್‌ವೆಲ್ ಪಾದ್ರಿ ವ್ಯಾಕರಣ ಬರೆದು ಗಟ್ಟಿ ಮಾಡಿದ ಭಾಷಾಕುಟುಂಬದ ಹೆಸರು ಅದು. ಚಾಲುಕ್ಯ, ಚೋಳ, ಹೊಯ್ಸಳ, ಕಾಕತೀಯರೆಲ್ಲ ಒಬ್ಬರಿಗೊಬ್ಬರು ಕತ್ತಿ ಹಿರಿದವರು. ರಾಜವಂಶಗಳು ಎಂದು ಹೊದಿಕೆಯ ಮೇಲೆ ಬರೆದು, ಒಳಗೆ ಎಲ್ಲರನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದ್ದಾರೆ. ಈ ಆಟದಲ್ಲಿ ಒಂದೊಂದು ಪಡೆ ಒಂದೊಂದು ಭಾಷೆಯಲ್ಲಿ ಓಗೊಡುತ್ತದೆ. ದ್ರಾವಿಡ ಪಡೆ ತಮಿಳಿನಲ್ಲಿ ಓಗೊಡುತ್ತದೆ. ತಮಿಳಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅದಕ್ಕೆ ಸಲ್ಲಬೇಕಾದದ್ದೇ ಸಂದಿದೆ. ಕನ್ನಡಕ್ಕೆ ಮಾತ್ರ ಏನೂ ಸಂದಿಲ್ಲ.

ಹಳೆಯದರಲ್ಲೂ ಹೀಗೆಯೇ ಹಲವರನ್ನು ಒಂದು ಹೆಸರಿನಡಿ ತುಂಬಿದ್ದರು, ಎಲ್ಲರಿಗೂ ಜಾಗ ಕೊಡುವುದು ಹೇಗೆ ಎಂದು ಮಗ ವಾದಿಸುತ್ತಾನೆ. ಒಪ್ಪಿದೆ. ಆದರೆ 1999ರಲ್ಲಿ ಇಡೀ ಜಗತ್ತನ್ನು 13 ಪಡೆಗಳಲ್ಲಿ ಹಿಡಿಸಬೇಕಿತ್ತು. ಭಾರತಕ್ಕೆಂದೇ ಒಂದು ಭಾಗ ತೆಗೆದಾಗಲೂ ಅದೇ ನೆಪ ಹೇಳಿದರೆ ಮದುವೆಮನೆಯಲ್ಲಿ ಮದುಮಗಳಿಗೇ ಎಲೆ ಇಲ್ಲ ಎಂದಂತಾಗುತ್ತದೆ.

ಮದುಮಗಳ ಮಾತು ಸುಮ್ಮನೆ ಬಂದದ್ದಲ್ಲ. ಹೊಸ ಭಾಗದ ಮೂರು ಕಥಾಯುದ್ಧಗಳು ಬಾಬರ, ರಾಜೇಂದ್ರ ಚೋಳ, ಬಂಗಾಲದ ದೇವಪಾಲ ಇವರವು. ಮೂವರೂ ಗಂಡಸರು. ಇದೇ ಆಟದ ಬೇರೆ ಸೇರ್ಪಡೆಗಳಲ್ಲಿ ಇಥಿಯೋಪಿಯಾದ ಯೋದಿತ್ 2015ರಲ್ಲಿ, ಪೋಲೆಂಡಿನ ಯಾದ್ವಿಗಾ 2021ರಲ್ಲಿ, ಜಾರ್ಜಿಯಾದ ತಮಾರ್ 2023ರಲ್ಲಿ ನಾಯಕಿಯರಾಗಿ ಬಂದರು. ನಮ್ಮ ಪಾಲಿಗೆ ಬಂದಾಗ ಮಾತ್ರ ರಾಣಿಯರ ಬರಗಾಲವೇ? ಓರುಗಲ್ಲಿನ ರುದ್ರಮದೇವಿ ಇರಲಿಲ್ಲವೇ? ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಇರಲಿಲ್ಲವೇ?

ಅಷ್ಟು ದೂರ ಯಾಕೆ, ರಾಜೇಂದ್ರನ ಕಥೆಯ ಮಗ್ಗುಲಲ್ಲೇ ಒಬ್ಬಳಿದ್ದಾಳೆ. ರಾಜೇಂದ್ರನ ಎದುರಾಳಿ ಕಲ್ಯಾಣದ ಚಾಲುಕ್ಯರ ಇಮ್ಮಡಿ ಜಯಸಿಂಹ. ಅವರ ಕಾಳಗದಲ್ಲಿ ಗೆಲುವು ತಮ್ಮದೆಂದು ಎರಡೂ ಕಡೆಯ ಶಾಸನಗಳು ಹೇಳಿಕೊಳ್ಳುತ್ತವೆ. ಆ ಜಯಸಿಂಹನ ಒಡಹುಟ್ಟಿದವಳು ಅಕ್ಕಾದೇವಿ. ‘ಗುಣದಬೆಡಂಗಿ’ ಎಂಬುದು ಅವಳ ಬಿರುದು. ಪಟ್ಟದಕಲ್ಲಿನ ಸುತ್ತಿನ ಕಿಸುಕಾಡು ನಾಡನ್ನು ಆಳಿದಳು. ಅವಳ ನೆಲೆಯಾಗಿದ್ದ ವಿಕ್ರಮಪುರ ಈಗ ಬಾಗಲಕೋಟೆ ಜಿಲ್ಲೆಯ ಅರಸಿಬೀದಿ. ಶಾಸನಗಳು ಅವಳನ್ನು ರಣಭೈರವಿ ಎನ್ನುತ್ತವೆ. 1047ರಲ್ಲಿ, ಅವಳ ಸಹೋದರನ ಮಗ ಒಂದನೆಯ ಸೋಮೇಶ್ವರ ಆಳುತ್ತಿದ್ದಾಗ, ಅವಳು ಸೈನ್ಯದೊಡನೆ ಬಂದು ಒಂದು ಕೋಟೆಗೆ ಮುತ್ತಿಗೆ ಹಾಕಿದ್ದಳು. ಶಾಸನದಲ್ಲಿ ಆ ಕೋಟೆಯ ಹೆಸರು ಗೋಕಾಗೆ. ಗೆಳತಿಯರೇ, ಅದು ನಮ್ಮ ಗೋಕಾಕ.

ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಅಕ್ಕಾರ, ಕ್ವಾಟಿ ಮುತ್ತಿದಾಕಿ ಹೆಣ್ಮಗಳರೀ? ಮತ್ತ ಪುಸ್ತಕದಾಗ ಯಾಕಿಲ್ಲರೀ?” ಎಂದಳು. ಕರದಂಟು, ಜಲಪಾತ, ಮರದ ಗೊಂಬೆ ಬಿಟ್ಟರೆ ತನ್ನ ಊರಿಗೆ ಇನ್ನೊಂದು ಹೆಮ್ಮೆಯಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನ ಜಗಳ ಇರುವುದು ಇಲ್ಲಿಯೇ. ತನ್ನಂಥವಳು ಕಾಣದ ಇತಿಹಾಸದಲ್ಲಿ ಹುಡುಗಿ ತನ್ನನ್ನು ಹುಡುಕುವುದನ್ನೇ ಬಿಡುತ್ತಾಳೆ. ‘ಬರೀ ಆಟ’ ಎನ್ನುವವರು ಆಟದಿಂದಲೇ ಜೋನಳ ಹೆಸರು ಕಲಿತ ನನ್ನ ಮಗನನ್ನು ಕೇಳಲಿ. ಆನೆಗೆ, ಉರುಮಿಯ ಕತ್ತಿಗೆ ಜಾಗ ಸಿಕ್ಕ ಕಡೆ ಅಕ್ಕಾದೇವಿಗೆ ಸಿಗಲಿಲ್ಲವೆಂದರೆ ಅದು ಜಾಗದ ಕೊರತೆಯಲ್ಲ, ಕೇಳುವವರ ಕೊರತೆ.

ಕೇಳುವವರು ನಾವಾಗಬೇಕು. ಆದರೆ ಮನೆಯ ಕಂಪ್ಯೂಟರಿನ ಮುಂದಿನ ಕುರ್ಚಿ ಯಾರದು? ಮಗನದು. ಮಗಳು ಚಹಾ ಕಪ್ಪು ತಂದಿಟ್ಟು ಎರಡು ನಿಮಿಷ ನಿಂತು ನೋಡಿ ಹೋಗುವವಳು. ಮೊದಲು ಆ ಕುರ್ಚಿಯಲ್ಲಿ ಅವಳಿಗೂ ಪಾಲು ಕೊಡಿ. 1999ರ ಆ ಹಳೆಯ ಆಟದಲ್ಲೇ, ಆಡುವವರು ತಮ್ಮದೇ ನಕಾಶೆ, ತಮ್ಮದೇ ಯುದ್ಧ ಹೆಣೆದುಕೊಳ್ಳುವ ಸಲಕರಣೆ ಕೊಟ್ಟಿದ್ದಾರೆ. ನದಿ, ಗುಡ್ಡ, ಕೋಟೆ ಎಲ್ಲವನ್ನೂ ಬೇಕಾದಲ್ಲಿ ಇಡಬಹುದು. ಘಟಪ್ರಭೆಯನ್ನು ಹರಿಸಿ, ಗೋಕಾಗೆಯ ಕೋಟೆ ನಿಲ್ಲಿಸಿ, ಹೊರಗೆ ಅಕ್ಕಾದೇವಿಯ ಡೇರೆ ಹೂಡಲು ನಮ್ಮ ಹೈಸ್ಕೂಲು ಹುಡುಗಿಯರಿಗೆ ಒಂದು ದಸರಾ ರಜೆ ಸಾಕು. ದೂರದ ಕಂಪನಿಯವರು ಬಿಟ್ಟದ್ದನ್ನು ಮೂಡಲಗಿಯ ಹುಡುಗಿ ಸೇರಿಸಲಿ. ಆಗ ಈ ಆಟದ ಭಾರತ ಹಳೆಯದರ ಸಮಕ್ಕೆ ಬರುತ್ತದೆ.