ಸರ್ಜಾಪುರ ಬೇರೆ, ಸರ್ಜಾಪುರ ರಸ್ತೆ ಬೇರೆ



ಕೋವಿಡ್ ಕಾಲದಲ್ಲಿ ಬೆಂಗಳೂರನ್ನು ಉಳಿಸಿದ್ದು ತಂತ್ರಾಂಶಗಳು, ಮುಂದಿನ ಮಹಾಮಾರಿಗೂ ಅವೇ ರಕ್ಷೆ ಎಂಬರ್ಥದ ಲೇಖನವನ್ನು ನಿಮ್ಮ ಪತ್ರಿಕೆಯಲ್ಲಿ ಓದಿ ಹೊಟ್ಟೆ ಉರಿಯಿತು. ಬರೆದವರು ನಮ್ಮೂರಿನ ಹೆಸರನ್ನೂ ಎತ್ತಿದ್ದಾರೆ. ಆದರೆ ಅವರು ಹೇಳಿದ್ದು ನಗರದ ಸರ್ಜಾಪುರ ರಸ್ತೆಯ ಕಥೆ. ಸರ್ಜಾಪುರ ಆನೇಕಲ್ ತಾಲ್ಲೂಕಿನ ಊರು. ಇಲ್ಲಿ ನಡೆದದ್ದನ್ನು ನಾನು ಹೇಳುತ್ತೇನೆ.

2021ರ ಮೇ 10ರ ವಾರ. 18ರಿಂದ 44 ವರ್ಷದವರು ಲಸಿಕೆ ನೋಂದಣಿಯ ಕೋವಿನ್ ಜಾಲತಾಣದಲ್ಲಿ ಸ್ಲಾಟ್ ಹಿಡಿದಿದ್ದರೆ ಮಾತ್ರ ಲಸಿಕೆ. ನನ್ನ ಭಾಮೈದ ಅತ್ತಿಬೆಲೆಯಲ್ಲಿ ಲೋಡಿಂಗ್ ಕೆಲಸದವನು, ಅವನ ಹತ್ತಿರ ಇದ್ದದ್ದು ಕೀಪ್ಯಾಡ್ ಫೋನು. ಬೆಳಿಗ್ಗೆ ಏಳಕ್ಕೇ ತಾಲ್ಲೂಕಿನ ಒಂದು ಲಸಿಕಾ ಕೇಂದ್ರದ ಮುಂದೆ ಹೋಗಿ ನಿಂತ. ‘ಸ್ಲಾಟ್ ಇಲ್ಲದೋರು ಹೊರಡಿ’ ಎಂದರು. ಹತ್ತರ ಹೊತ್ತಿಗೆ ನಗರದಿಂದ ಕಾರುಗಳು ಬಂದವು. ಲಾಕ್‌ಡೌನ್ ಇದ್ದರೂ ಸ್ಲಾಟಿನ ಸಂದೇಶ ತೋರಿಸಿ ಬಂದಿದ್ದರು, ಚುಚ್ಚಿಸಿಕೊಂಡು ಹೋದರು. ಮೂರು ದಿನವೂ ಹೀಗೆಯೇ. ಮೇ 14ರಿಂದ ದಾಸ್ತಾನಿಲ್ಲವೆಂದು ಆ ವಯಸ್ಸಿನವರಿಗೆ ರಾಜ್ಯದ ಸರ್ಕಾರಿ ಕೇಂದ್ರಗಳಲ್ಲಿ ಲಸಿಕೆಯನ್ನೇ ನಿಲ್ಲಿಸಿದರು. ನಮ್ಮ ತಾಲ್ಲೂಕಿಗೆ ಬಂದ ಲಸಿಕೆ ನಮ್ಮವರಿಗೆ ಸಿಗಲಿಲ್ಲ.

ಇದು ಆಕಸ್ಮಿಕವಲ್ಲ. ಆಗ ಕೋವಿನ್‌ನಲ್ಲಿ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಒಂದು ಜಿಲ್ಲೆ, ಬೆಂಗಳೂರು ನಗರ ಜಿಲ್ಲೆಯ ಉಳಿದ ಭಾಗ ಮತ್ತೊಂದು. ಯಾರು ಎಲ್ಲಿ ಬೇಕಾದರೂ ಸ್ಲಾಟ್ ಹಿಡಿಯಬಹುದಿತ್ತು. ಸ್ಲಾಟ್ ತೆರೆದ ಕ್ಷಣವೇ ಫೋನಿಗೆ ಸುದ್ದಿ ಬರುವಂತೆ ಸಾಫ್ಟ್‌ವೇರ್ ಬಲ್ಲವರು ಏರ್ಪಾಡು ಮಾಡಿಕೊಂಡಿದ್ದರು. ನಮ್ಮವರಿಗೆ ಕೋವಿನ್ ಪುಟವನ್ನು ಓದಲಿಕ್ಕೂ ಆಗುತ್ತಿರಲಿಲ್ಲ, ಏಕೆಂದರೆ ಅದರಲ್ಲಿ ಕನ್ನಡ ಬಂದದ್ದು ಜೂನ್‌ನಲ್ಲಿ. ಕರ್ನಾಟಕದ ಜನರಿಗೆ ಜೀವ ಉಳಿಸುವ ಲಸಿಕೆ ಕೊಡುವಾಗ ಕನ್ನಡ ಕೊನೆಗೆ ನೆನಪಾಯಿತೇ? ಕೋವಿನ್ ನೋಂದಣಿಯ ಕಡ್ಡಾಯ ಹಳ್ಳಿಯವರನ್ನು ಹೊರಗಿಡುವುದಿಲ್ಲವೇ ಎಂದು ಮೇ 31ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಕೇಂದ್ರ ಸರ್ಕಾರವನ್ನು ಕೇಳಿತ್ತು. ಲೇಖನದಲ್ಲಿ ಅದರ ಸುಳಿವೇ ಇಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮ್ಮನಿಗೆ ಜ್ವರ. ಗಂಟಲ ದ್ರವ ಕೊಟ್ಟ ಕಡೆ ವಿಳಾಸಕ್ಕೆ ‘ಸರ್ಜಾಪುರ ರಸ್ತೆ’ ಎಂದು ಬರೆದುಕೊಂಡರು. ಪಾಸಿಟಿವ್ ಬಂತು. ಆಸ್ಪತ್ರೆಯ ಹಾಸಿಗೆಗೆ ಬಿ.ಯು. ನಂಬರ್ ಎಂಬ ಸೋಂಕಿತರ ಗುರುತಿನ ಸಂಖ್ಯೆ ಬೇಕು. ಬಿಬಿಎಂಪಿಯಿಂದ ಫೋನ್ ಮಾಡಿದವರು ‘ಯಾವ ವಾರ್ಡು, ಯಾವ ಅಪಾರ್ಟ್‌ಮೆಂಟು?’ ಎಂದರು. ನಮ್ಮದು ಪಂಚಾಯಿತಿ ಎಂದರೆ ‘ಹಾಗಾದ್ರೆ ನಮಗೆ ಬರಲ್ಲ’ ಎಂದರು. ತಾಲ್ಲೂಕಿನ ಪಟ್ಟಿಯಲ್ಲಿ ಹೆಸರಿಲ್ಲ. ಹೀಗೆ ಎರಡು ದಿನ ಕಳೆಯಿತು, ಆಮ್ಲಜನಕ 88ಕ್ಕೆ ಇಳಿಯಿತು. ಕೊನೆಗೆ ಗಡಿ ದಾಟಿ ಹೊಸೂರಿಗೆ ಒಯ್ದೆವು. ಅಮ್ಮ ಉಳಿದರು. ‘ರಸ್ತೆ’ ಎಂಬ ಒಂದು ಪದ ಹೆಚ್ಚಾದದ್ದಕ್ಕೆ ಅವರನ್ನು ಕಳೆದುಕೊಳ್ಳುವುದರಲ್ಲಿದ್ದೆವು.

ಪಟ್ಟಿಗಳಿಗೆ ಗೊತ್ತಿಲ್ಲದಿದ್ದರೂ, ಯಾವ ಶೆಡ್ಡಿನಲ್ಲಿ ಯಾರಿಗೆ ಜ್ವರ ಎಂದು ನಮ್ಮ ಆಶಾ ಕಾರ್ಯಕರ್ತೆಗೆ ಗೊತ್ತಿತ್ತು. ರೋಗ ಕಣ್ಗಾವಲಿನ ಐಎಚ್‌ಐಪಿ ವ್ಯವಸ್ಥೆ 2018ರಲ್ಲಿ ಮೊದಲು ಜಾರಿಯಾದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು ಎಂದು ಹೆಮ್ಮೆಪಡುತ್ತೇವೆ. ಅದಕ್ಕೆ ಮಾಹಿತಿ ಬರಬೇಕಾದದ್ದು ಇಂಥ ಹೆಣ್ಣುಮಕ್ಕಳ ಕಾಲ್ನಡಿಗೆಯಿಂದ. ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ 2020ರ ಜುಲೈನಲ್ಲಿ, ಸೋಂಕಿನ ನಡುವೆಯೇ, ಅವರು ಮುಷ್ಕರಕ್ಕೆ ಇಳಿಯಬೇಕಾಯಿತು.

ಆರೋಗ್ಯ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ಸಲ ಲಸಿಕೆ ಬಂದಾಗ ಅರ್ಧವನ್ನಾದರೂ ಫೋನಿಲ್ಲದ ಸ್ಥಳೀಯರಿಗೆ ತೆಗೆದಿಡಿ. ಮೊದಲ ದಿನದಿಂದಲೇ ಕನ್ನಡವಿರಲಿ. ನಮ್ಮ ಊರಿನ ಅಂಕಿಅಂಶ ನಮ್ಮ ಪಂಚಾಯಿತಿಗೆ ಆಯಾ ದಿನವೇ ಸಿಗಲಿ. ನಮ್ಮೂರಿನ ಪಿನ್ 562125; ದಯವಿಟ್ಟು ಅದನ್ನು ಸರ್ಜಾಪುರ ರಸ್ತೆಯ ಲೆಕ್ಕಕ್ಕೆ ಸೇರಿಸಬೇಡಿ.

– ನೊಂದ ನಿವಾಸಿ, ಸರ್ಜಾಪುರ, ಆನೇಕಲ್ ತಾಲ್ಲೂಕು